ಬಳಸಿದ ರೇಸಿಂಗ್ ಗ್ಲೈಡರ್: ಹೊಳಪು ನೋಡಬೇಡಿ, ತೂಕದ ಹಾಳೆ ಕೇಳಿ

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವನು. ಕೆಲಸದ ಮೇಲೆ ಕೆಲವು ವರ್ಷ ಜರ್ಮನಿಯಲ್ಲಿದ್ದಾಗ ಗ್ಲೈಡರ್ (ಎಂಜಿನ್ ಇಲ್ಲದ ವಿಮಾನ) ಹಾರಿಸಲು ಕಲಿತು ಲೈಸೆನ್ಸ್ ಪಡೆದೆ. ಈಗ ಊರಿನಲ್ಲಿದ್ದುಕೊಂಡೇ ಕಂಪನಿ ಕೆಲಸ, ಜೊತೆಗೆ ತೋಟ. ನಮ್ಮಲ್ಲಿ ಮಳೆ ಹಿಡಿದ ಮೇಲೆ ಎರಡು ತಿಂಗಳು ಅಲ್ಲಿಗೆ ಹೋಗಿ ಹಾರುತ್ತೇನೆ. ಒಟ್ಟು 200 ಗಂಟೆ ಹಾರಾಟ ಆಗಿದೆ. ಬಳಸಿದ ಎಎಸ್‌ಡಬ್ಲ್ಯು 20 ಒಂದು ಮಾರಾಟಕ್ಕಿದೆ. ಹೊಸ ಬಣ್ಣ, ಹಾರಿದ ಗಂಟೆಯೂ ಕಡಿಮೆ. ಎಲ್‌ಎಸ್ 4, ಡಿಸ್ಕಸ್ ಕೂಡ ಮನಸ್ಸಿನಲ್ಲಿವೆ. ಯಾವುದು ಕೊಳ್ಳಲಿ, ಏನು ನೋಡಲಿ, ಆಮೇಲೆ ಹೇಗೆ ನೋಡಿಕೊಳ್ಳಲಿ? ನನ್ನ ತೂಕ 58 ಕೆ.ಜಿ., ತೊಂದರೆ ಇದೆಯೇ? ಮುಂದೆ ಶಿವಮೊಗ್ಗಕ್ಕೆ ತಂದು ನಮ್ಮ ಅಡಿಕೆ ಗೋದಾಮಿನಲ್ಲಿ ಇಟ್ಟುಕೊಳ್ಳುವ ಆಸೆಯೂ ಇದೆ.

ಉತ್ತರ: ಹೊಸ ಬಣ್ಣ, ಕಡಿಮೆ ಗಂಟೆ. ನಿಮ್ಮ ಮನಸ್ಸು ಸೆಳೆದ ಈ ಎರಡೇ ನನಗೆ ಅನುಮಾನ ತರಿಸಿದವು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಮಾದರಿಯ ವಿಚಾರ ಮುಗಿಸಿಬಿಡೋಣ. ಕೊಳ್ಳುವವರು ಅತಿ ಹೆಚ್ಚು ತಲೆ ಕೆಡಿಸಿಕೊಳ್ಳುವುದು ಅದಕ್ಕೇ, ಅಷ್ಟು ಕೆಡಿಸಿಕೊಳ್ಳುವ ಅಗತ್ಯ ಮಾತ್ರ ಇಲ್ಲ.

ನೀವು ಹೇಳಿದ ಮೂರೂ 15 ಮೀಟರ್ ರೆಕ್ಕೆಯವು. ಎಎಸ್‌ಡಬ್ಲ್ಯು 20 ಶ್ಲೈಖರ್ ಕಾರ್ಖಾನೆಯದು, ಗೆರ್‌ಹಾರ್ಡ್ ವೈಬೆಲ್ ಅವರ ವಿನ್ಯಾಸ, ಮೊದಲು ಹಾರಿದ್ದು 1977ರಲ್ಲಿ. ರೆಕ್ಕೆಗೆ ಫ್ಲ್ಯಾಪ್ (ಹಿಂಅಂಚಿನಲ್ಲಿ ಮೇಲೆ ಕೆಳಗೆ ಬಾಗುವ ಪಟ್ಟಿ) ಇದೆ. ಎಲ್‌ಎಸ್ 4 ವೋಲ್ಫ್ ಲೆಮ್ಕೆ ಅವರದು, 1980ರದು. ಡಿಸ್ಕಸ್ ಶೆಂಪ್-ಹಿರ್ತ್‌ನ ಕ್ಲೌಸ್ ಹೋಲಿಗ್‌ಹೌಸ್ ಅವರದು, 1984ರದು. ಈ ಎರಡಕ್ಕೂ ಫ್ಲ್ಯಾಪ್ ಇಲ್ಲ, ಸ್ಟ್ಯಾಂಡರ್ಡ್ ಕ್ಲಾಸ್ ಎಂಬ ಸ್ಪರ್ಧಾ ವರ್ಗದವು. ಗ್ಲೈಡ್ ಅನುಪಾತ ಎಲ್‌ಎಸ್ 4ಕ್ಕೆ 40ರ ಆಸುಪಾಸು, ಉಳಿದೆರಡಕ್ಕೆ 42–43. ಹಾಗೆಂದರೆ, ಗಾಳಿಯಾಡದ ಹೊತ್ತಿನಲ್ಲಿ 1,000 ಮೀಟರ್ ಎತ್ತರದಿಂದ ಒಂದು 40 ಕಿ.ಮೀ. ಹೋದರೆ ಇನ್ನೊಂದು 42 ಕಿ.ಮೀ. ಶಿವಮೊಗ್ಗದ ಮೇಲಿಂದ ಹೊರಟರೆ ಎರಡೂ ತೀರ್ಥಹಳ್ಳಿ ಮುಟ್ಟುವುದಿಲ್ಲ! ರೆಕ್ಕೆಯ ಮುಂಅಂಚಿಗೆ ಹುಳ ಅಂಟಿದ, ಸಂದಿನ ಟೇಪ್ ಎದ್ದಿರುವ ಡಿಸ್ಕಸ್ಸನ್ನು ಅಚ್ಚುಕಟ್ಟಾಗಿ ಇಟ್ಟ ಎಲ್‌ಎಸ್ 4 ಹಿಂದೆ ಹಾಕುತ್ತದೆ. ಸ್ಪರ್ಧೆಯ ಆಸೆ ಇದ್ದರೂ ಅಷ್ಟೇ. ಕ್ಲಬ್ ಕ್ಲಾಸ್‌ನಲ್ಲಿ ಯಂತ್ರದ ಸಾಮರ್ಥ್ಯ ನೋಡಿ ಅಂಕ ಸರಿದೂಗಿಸುವ ಹ್ಯಾಂಡಿಕ್ಯಾಪ್ ಲೆಕ್ಕ ಇರುವುದರಿಂದ ಹಳೆಯ ಯಂತ್ರವೆಂದು ನಷ್ಟವಾಗುವುದಿಲ್ಲ.

200 ಗಂಟೆಯ ಪೈಲಟ್‌ಗೆ, ಅದರಲ್ಲೂ ವರ್ಷಕ್ಕೆ ಎರಡು ತಿಂಗಳು ಮಾತ್ರ ಹಾರುವವರಿಗೆ, ನನ್ನ ಆಯ್ಕೆ ಎಲ್‌ಎಸ್ 4. ಸಾವಿರಕ್ಕೂ ಹೆಚ್ಚು ತಯಾರಾಗಿವೆ, ಗುಣದೋಷವೆಲ್ಲ ಎಲ್ಲರಿಗೂ ಗೊತ್ತು, ಸ್ವಭಾವ ಸಾಧು. ಅದನ್ನು ಮಾಡುತ್ತಿದ್ದ ರೋಲಾಡೆನ್-ಷ್ನೈಡರ್ 2003ರಲ್ಲಿ ಮುಚ್ಚಿತು, ಮಾದರಿಯ ಹೊಣೆ ಡಿಜಿ ಕಂಪನಿಗೆ ಹೋಯಿತು. ಬಿಡಿಭಾಗಕ್ಕೂ ದಾಖಲೆಗೂ ಏನು ಶುಲ್ಕವಾಗುತ್ತದೆ ಎಂದು ಅವರಲ್ಲೇ ಮೊದಲು ವಿಚಾರಿಸಿ. ಎಎಸ್‌ಡಬ್ಲ್ಯು 20 ಸೊಗಸಾದ ಗ್ಲೈಡರ್, ಎರಡು ಮಾತಿಲ್ಲ. ಅದರ ಮೊದಲ ಮಾದರಿಗಳಲ್ಲಿ ಇಳಿಯುವಾಗಿನ ಫ್ಲ್ಯಾಪ್ 50 ಡಿಗ್ರಿಗೂ ಮೀರಿ ಕೆಳಗೆ ಬಾಗುತ್ತದೆ. ಪುಟ್ಟ ಗದ್ದೆಯಲ್ಲೂ ಇಳಿಸಬಹುದು. ಆದರೆ ನೆಲ ಹತ್ತಿರ ಬಂದಾಗ ‘ತುಸು ಮುಂದೆ ಹೋಗಲಿ’ ಎಂದು ಗಾಬರಿಯಲ್ಲಿ ಆ ಫ್ಲ್ಯಾಪ್ ಹಿಂದಕ್ಕೆ ತೆಗೆದಿರೋ, ಗ್ಲೈಡರ್ ಧೊಪ್ಪೆಂದು ಕುಸಿಯುತ್ತದೆ. ವರ್ಷವಿಡೀ ಹಾರುವವರ ಕೈಗೆ ಅದು ಪಳಗಿರುತ್ತದೆ. ಹತ್ತು ತಿಂಗಳು ತೋಟ, ಲ್ಯಾಪ್‌ಟಾಪ್ ನೋಡಿಕೊಂಡು ಹೋದವರ ಕೈಗೆ ಅಲ್ಲ.

ಈಗ ಹೊಸ ಬಣ್ಣಕ್ಕೆ ಬರೋಣ.

ಈ ಕಾಲದ ಗ್ಲೈಡರ್‌ಗಳ ಒಡಲು ಗಾಜಿನ ನಾರು ಮತ್ತು ಎಪಾಕ್ಸಿಯದು. ಮೇಲಿನ ಬಿಳಿ ಹೊದಿಕೆ ಪಾಲಿಯೆಸ್ಟರ್ ಜೆಲ್‌ಕೋಟ್. ಬಿಳಿಯೇ ಯಾಕೆಂದರೆ ಎಪಾಕ್ಸಿ ಬಿಸಿಗೆ ಮೆತ್ತಗಾಗುವ ವಸ್ತು. ಒಡಲಿನ ಬಲವನ್ನು 54 ಡಿಗ್ರಿ ಸೆಲ್ಸಿಯಸ್‌ವರೆಗೆ ಪರೀಕ್ಷಿಸಿ ಅನುಮತಿ ಕೊಟ್ಟಿರುತ್ತಾರೆ, ಬೇರೆ ಬಣ್ಣ ಹೊಡೆದು ಬಿಸಿಲಿನಲ್ಲಿ ನಿಲ್ಲಿಸಿದರೆ ಆ ಮಿತಿ ದಾಟುತ್ತದೆ. ಜೆಲ್‌ಕೋಟ್‌ಗೆ ಶತ್ರುಗಳು ಮೂರು: ಬಿಸಿಲಿನ ನೇರಳಾತೀತ ಕಿರಣ, ತೇವ, ಎತ್ತರದ ಚಳಿ. ಆಲ್ಪ್ಸ್ ಬೆಟ್ಟಗಳ ಮೇಲೆ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಹೋದಾಗ ಗಾಜಿನ ನಾರು ಒಂದು ಪ್ರಮಾಣದಲ್ಲಿ, ಮೇಲಿನ ಜೆಲ್‌ಕೋಟ್ ಇನ್ನೊಂದು ಪ್ರಮಾಣದಲ್ಲಿ ಕುಗ್ಗುತ್ತವೆ. ಹಾಗಾಗಿ ಕೂದಲೆಳೆಯ ಬಿರುಕುಗಳು. ಮೊದಲು ಏರ್‌ಬ್ರೇಕ್ (ಇಳಿಯುವಾಗ ರೆಕ್ಕೆಯಿಂದ ಮೇಲೇಳುವ ತಡೆಹಲಗೆ) ಪೆಟ್ಟಿಗೆಯ ಮೂಲೆಗಳಲ್ಲಿ, ಆಮೇಲೆ ರೆಕ್ಕೆಯ ಮೇಲ್ಮೈಯಲ್ಲಿ ಅಡ್ಡಡ್ಡ. ಆರಂಭದಲ್ಲಿ ಇದು ಚರ್ಮದ ಕಾಯಿಲೆ ಅಷ್ಟೇ. ಬಿಟ್ಟರೆ ನೀರು ಒಳಗಿಳಿದು ಮಾಂಸಕ್ಕೂ ತಗಲುತ್ತದೆ.

ಇದಕ್ಕೆ ಸರಿಯಾದ ಮದ್ದು, ಹಳೆಯ ಜೆಲ್‌ಕೋಟನ್ನು ನಾರಿನ ಪದರಕ್ಕೆ ತಾಗದ ಹಾಗೆ ಪೂರ್ತಿ ಉಜ್ಜಿ ತೆಗೆದು, ಹೊಸದು ಹಾಕಿ, ಉದ್ದನೆಯ ಹಲಗೆಗೆ ಮರಳು ಕಾಗದ ಸುತ್ತಿ ರೆಕ್ಕೆಯ ಆಕಾರ ಕೆಡದಂತೆ ಮತ್ತೆ ಉಜ್ಜುವುದು. ನೂರಾರು ಗಂಟೆಯ ಕೆಲಸ. ಹಳೆಯ ಗ್ಲೈಡರ್‌ನ ಬೆಲೆಯ ಅರ್ಧಕ್ಕೂ ಮೀರಿ ಖರ್ಚು ಬರುತ್ತದೆ. ಅಗ್ಗದ ದಾರಿಯೂ ಒಂದಿದೆ: ಬಿರುಕಿನ ಮೇಲೇ ಸ್ವಲ್ಪ ಉಜ್ಜಿ ಪಾಲಿಯುರೆಥೇನ್ ಬಣ್ಣ ಹೊಡೆದುಬಿಡುವುದು. ಮೊದಲ ಒಂದೆರಡು ವರ್ಷ ಮದುವಣಗಿತ್ತಿ. ಆಮೇಲೆ ಒಳಗಿನ ಬಿರುಕು ಅದೇ ಜಾಗದಲ್ಲಿ ಮೇಲೆ ಬರುತ್ತದೆ. ಎರಡಕ್ಕೂ ಮೊದಲ ನೋಟದಲ್ಲಿ ಒಂದೇ ಹೊಳಪು. ಆದ್ದರಿಂದ ಮಾರುವವರನ್ನು ಕೇಳಿ: ಬಣ್ಣ ತೆಗೆದಾಗಿನ ಫೋಟೋ ಇದೆಯೇ, ಯಾವ ವರ್ಕ್‌ಶಾಪ್ ಮಾಡಿತು, ಬಿಲ್ ಎಲ್ಲಿ, ಕೆಲಸದ ಹಿಂದೆ ಮುಂದೆ ತೂಕ ಎಷ್ಟಿತ್ತು? ಇನ್ನೊಂದು ಪ್ರಶ್ನೆ ಕಡ್ಡಾಯ: ರೆಕ್ಕೆ, ಬಾಲಗಳ ಹಿಂಅಂಚಿನಲ್ಲಿ ಆಡುತ್ತ ಗ್ಲೈಡರ್ ತಿರುಗಿಸುವ ಏಲರಾನ್, ಎಲಿವೇಟರ್, ರಡ್ಡರ್‌ಗಳನ್ನು ಬಣ್ಣದ ನಂತರ ಬಿಚ್ಚಿ ತೂಗಿದ್ದಾರೆಯೇ? ಇವುಗಳ ಹಿಂಭಾಗಕ್ಕೆ ಒಂದಿಷ್ಟು ಗ್ರಾಂ ಹೆಚ್ಚು ಬಣ್ಣ ಕೂತರೂ ಸಮತೋಲ ಮಿತಿ ಮೀರಿ, ವೇಗದಲ್ಲಿ ಹೋಗುವಾಗ ರೆಕ್ಕೆ ಪಟಪಟನೆ ನಡುಗಿ ಮುರಿಯುವ ಅಪಾಯ ಉಂಟು. ಫ್ಲಟರ್ ಅನ್ನುತ್ತಾರಲ್ಲ, ಅದೇ. ತೂಗಿದ ಅಂಕಿ ಕಾಗದದಲ್ಲಿ ಇಲ್ಲದಿದ್ದರೆ ಆ ಗ್ಲೈಡರ್‌ಗೆ ಬಣ್ಣ ಹೊಡೆದದ್ದು ಲಾಭವಲ್ಲ, ದೋಷ.

ನೋಡಲು ಹೋಗುವುದಾದರೆ ಬೆಳಗ್ಗೆ ಅಥವಾ ಸಂಜೆ ಹೋಗಿ. ಬಿಸಿಲು ನೆತ್ತಿಯ ಮೇಲಿದ್ದಾಗ ಯಾವ ರೆಕ್ಕೆಯೂ ಚೆನ್ನಾಗಿಯೇ ಕಾಣುತ್ತದೆ. ಓರೆ ಬೆಳಕಿರಲಿ, ಇಲ್ಲವೇ ಟಾರ್ಚನ್ನು ರೆಕ್ಕೆಗೆ ತಾಗಿಸಿ ಮಲಗಿಸಿ ಹಿಡಿಯಿರಿ. ಬಿರುಕು, ಅಲೆ, ಒಳಗಿನ ಸ್ಪಾರ್ (ರೆಕ್ಕೆಯ ಉದ್ದಕ್ಕೂ ಇರುವ ತೊಲೆ) ಕುಗ್ಗಿ ಮೇಲೆ ಮೂಡಿದ ಉದ್ದನೆಯ ಏಣು ಎಲ್ಲ ಎದ್ದು ಕಾಣುತ್ತವೆ. ಏಣು ಸಣ್ಣದಿದ್ದರೆ ಹೆದರಬೇಡಿ, ಹಳೆಯ ಗಾಜಿನ ರೆಕ್ಕೆಗಳಲ್ಲಿ ಅದು ಇದ್ದದ್ದೇ. ಬಳಿಕ ಒಂದು ನಾಣ್ಯ ತೆಗೆದುಕೊಂಡು ರೆಕ್ಕೆಯ ಬುಡದಿಂದ ತುದಿಯವರೆಗೆ ಅಂಗುಲ ಅಂಗುಲ ಮೆಲ್ಲಗೆ ತಟ್ಟುತ್ತ ಹೋಗಿ. ಹಲಸಿನ ಹಣ್ಣು ತಟ್ಟಿ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಪದರ ಗಟ್ಟಿಯಾಗಿ ಅಂಟಿದ್ದಲ್ಲಿ ಟಣ್ ಟಣ್, ಒಳಗೆ ಬಿಟ್ಟುಕೊಂಡಿದ್ದಲ್ಲಿ ಡಬ್. ದನಿ ಬದಲಾದ ಜಾಗಕ್ಕೆಲ್ಲ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಒಳಗಿನ ಸ್ಪಾರ್, ಪಕ್ಕೆಲುಬು ಇದ್ದಲ್ಲೂ ದನಿ ಬದಲಾಗುತ್ತದೆ, ಹಾಗಾಗಿ ಎಡ ರೆಕ್ಕೆಯಲ್ಲಿ ಕೇಳಿದ್ದನ್ನು ಬಲ ರೆಕ್ಕೆಯ ಅದೇ ಜಾಗದಲ್ಲಿ ಹೋಲಿಸಿ. ಎರಡೂ ಕಡೆ ಒಂದೇ ಆದರೆ ವಿನ್ಯಾಸ. ಒಂದೇ ಕಡೆ ಆದರೆ ಪ್ರಶ್ನೆ ಕೇಳಿ.

ಚಕ್ರದ ಗೂಡಿನೊಳಗೆ ತಲೆ ಹಾಕಿ ನೋಡದೆ ಯಾವ ಗ್ಲೈಡರ್‌ಗೂ ಮುಂಗಡ ಕೊಡಬೇಡಿ. ಕೆಟ್ಟದಾಗಿ ಇಳಿದಾಗ ಏಟು ತಿನ್ನುವುದು ಚಕ್ರ ಹಿಡಿದಿರುವ ಚೌಕಟ್ಟು. ಹುಲ್ಲಿಗೆ ರೆಕ್ಕೆ ಸಿಕ್ಕಿ ಗಿರಕ್ಕನೆ ತಿರುಗಿದಾಗ ಏಟು ತಿನ್ನುವುದು ಬಾಲದ ಕೊಳವೆ ಮತ್ತು ರಡ್ಡರ್‌ನ ಬುಡ. ಕಾರ್ಖಾನೆಯಲ್ಲಿ ಹಾಕಿದ ಪದರ ಒಳಗಿನಿಂದ ನೋಡಿದರೆ ಒಂದೇ ಬಣ್ಣದಲ್ಲಿ, ಅರೆಪಾರದರ್ಶಕವಾಗಿ ಇರುತ್ತದೆ. ರಿಪೇರಿಯ ತೇಪೆ ಬೇರೆ ಛಾಯೆಯಲ್ಲಿ ಕಾಣುತ್ತದೆ. ತೇಪೆ ಕಂಡಿತೆಂದು ಬಿಟ್ಟು ಬರಬೇಕಿಲ್ಲ. ಫೈಬರ್‌ಗ್ಲಾಸ್‌ನ ದೊಡ್ಡ ಗುಣವೇ ಅದು, ಕ್ರಮವಾಗಿ ರಿಪೇರಿ ಮಾಡಿದರೆ ಮೊದಲಿನಷ್ಟೇ ಗಟ್ಟಿ. ಲಾಗ್‌ಬುಕ್‌ನಲ್ಲಿ ದಾಖಲಾದ ದೊಡ್ಡ ರಿಪೇರಿಗೆ ನಾನು ಹೆದರುವುದಿಲ್ಲ, ದಾಖಲೆಯಿಲ್ಲದ ಸಣ್ಣ ತೇಪೆಗೆ ಹೆದರುತ್ತೇನೆ.

ಇನ್ನೊಂದು ಪರೀಕ್ಷೆ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಜೋಡಿಸಿದ ಗ್ಲೈಡರ್‌ನ ರೆಕ್ಕೆ ತುದಿಯನ್ನು ಲಯವಾಗಿ ಮೇಲೆ ಕೆಳಗೆ ತೂಗಿ, ಅದು ತಾನಾಗಿ ನಿಮಿಷಕ್ಕೆ ಎಷ್ಟು ಬಾರಿ ಆಡುತ್ತದೆಂದು ಎಣಿಸುತ್ತಾರೆ. ಜರ್ಮನ್ ಗ್ಲೈಡರ್‌ಗಳ ತಪಾಸಣೆ ದಾಖಲೆಯಲ್ಲಿ ಈ ಸಂಖ್ಯೆ ಬರೆದಿರುತ್ತದೆ. ಹಿಂದಿಗಿಂತ ಕಡಿಮೆಯಾಗಿದ್ದರೆ ಒಳಗೆಲ್ಲೋ ಬಿಗಿ ಸಡಿಲಿದೆ. ಅದೇ ಹೊತ್ತಿಗೆ ತುದಿಯನ್ನು ಹಿಂದೆ ಮುಂದೆ ದೂಡಿ. ಬುಡದಲ್ಲಿ ಕಟಕಟ ಶಬ್ದ ಬಂದರೆ ಪಿನ್ ಮತ್ತು ಬುಶ್ ಸವೆದಿವೆ. ಗ್ಲೈಡರ್ ಜೋಡಿಸುವಾಗಲೂ ನೀವೇ ಕೈ ಹಾಕಿ. ಮುಖ್ಯ ಪಿನ್ ತೆಳುವಾಗಿ ಗ್ರೀಸ್ ಹಚ್ಚಿದರೆ ಕೈಯಲ್ಲೇ ಒಳಗೆ ಹೋಗಬೇಕು. ಮಾಲೀಕರು ಸಲೀಸಾಗಿ ಸುತ್ತಿಗೆ ತೆಗೆದರೋ, ‘ಇದು ಎಷ್ಟು ಕಾಲದ ಅಭ್ಯಾಸ?’ ಎಂದು ಕೇಳಿ.

ಗಂಟೆಯ ಲೆಕ್ಕ. ಈ ಪೀಳಿಗೆಯ ಗ್ಲೈಡರ್‌ಗಳಿಗೆ 3,000 ಗಂಟೆಗೆ ದೊಡ್ಡ ತಪಾಸಣೆ, ಪಾಸಾದರೆ 6,000ಕ್ಕೆ, ಆಮೇಲೆ ಇನ್ನೂ ಮುಂದಕ್ಕೆ ಎಂದು ಆಯಸ್ಸು ವಿಸ್ತರಿಸುವ ಕ್ರಮವಿದೆ. 2,900 ಗಂಟೆಯದನ್ನು ಕೊಂಡರೆ ಆ ಖರ್ಚು ನಿಮ್ಮ ತಲೆಗೇ ಬರುತ್ತದೆ, ಚೌಕಾಸಿ ಮಾಡಿ. ಹಾಗೆಂದು ನಲವತ್ತು ವರ್ಷದಲ್ಲಿ 900 ಗಂಟೆ ಮಾತ್ರ ಹಾರಿದ್ದು ಅಂದರೆ ಅದು ಹೆಚ್ಚು ಕಾಲ ಎಲ್ಲಿ ಮಲಗಿತ್ತು? ಸೋರುವ ಟ್ರೇಲರ್‌ನಲ್ಲಿ ಮಲಗಿದ ಗ್ಲೈಡರ್‌ನ ಬೇರಿಂಗ್‌ಗಳು ಕಚ್ಚಿಕೊಂಡಿರುತ್ತವೆ, ಉಕ್ಕಿನ ತಳ್ಳುಕೋಲುಗಳು ಒಳಗಿಂದ ತುಕ್ಕು ಹಿಡಿದಿರುತ್ತವೆ, ತೂಕ ಹೆಚ್ಚಿಸಲು ರೆಕ್ಕೆಯೊಳಗೆ ನೀರು ತುಂಬುವ ಚೀಲಗಳು ಅಂಟಿಕೊಂಡು ಹರಿದಿರುತ್ತವೆ. ವರ್ಷ ವರ್ಷ ತಪ್ಪದೆ ಹಾರಿದ, ಒಬ್ಬರೋ ಇಬ್ಬರೋ ಮಾಲೀಕರ ಕೈ ಕಂಡ ಗ್ಲೈಡರ್ ಮೇಲು.

ಕಾಗದಗಳಲ್ಲಿ ನಾಲ್ಕೈದು ದಿನಾಂಕ ನೋಡಿದರೆ ಸಾಕು, ಮಾಲೀಕರ ಜಾತಕ ತಿಳಿಯುತ್ತದೆ. ಯುರೋಪಿನಲ್ಲಿ ವರ್ಷಕ್ಕೊಮ್ಮೆ ಆಗಬೇಕಾದ ಹಾರಾಟ ಯೋಗ್ಯತಾ ಪತ್ರ ಚಾಲ್ತಿಯಲ್ಲಿದೆಯೇ? ಎಳೆದುಕೊಂಡು ಹೋಗುವ ಹಗ್ಗದ ಟೋಸ್ಟ್ ಕೊಕ್ಕೆ 2,000 ಲಾಂಚ್‌ಗೆ ಓವರ್‌ಹಾಲ್ ಆಗಬೇಕು, ಆಗಿದೆಯೇ? ಗಾಡ್ರಿಂಗರ್ ಸೀಟ್ ಬೆಲ್ಟಿಗೆ 12 ವರ್ಷದ ಮಿತಿ, ಅದರ ಚೀಟಿಯಲ್ಲಿ ಯಾವ ವರ್ಷವಿದೆ? ಕಾರ್ಖಾನೆ ಹೊರಡಿಸಿದ ತಾಂತ್ರಿಕ ಸೂಚನೆಗಳನ್ನೆಲ್ಲ ಪಾಲಿಸಿದ ನಮೂದು ಇದೆಯೇ? ಡಿಜಿ-300 ಮಾದರಿಯ ಸ್ಪಾರ್‌ಗಳಲ್ಲಿ ತಯಾರಿಕೆಯ ದೋಷ ಕಂಡು ಹಾರಾಟದ ಮಿತಿಗಳನ್ನೇ ಇಳಿಸಬೇಕಾಯಿತು. ಅಂಥದ್ದು ತಿಳಿಯುವುದು ಈ ಸೂಚನೆಗಳಿಂದಲೇ. ಏರಿಳಿತದ ವೇಗ ತೋರಿಸುವ ವೇರಿಯೋಮೀಟರ್, ಡಿಕ್ಕಿಯ ಎಚ್ಚರಿಕೆ ಕೊಡುವ ಫ್ಲಾರ್ಮ್, ರೇಡಿಯೋಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ರೇಡಿಯೋ 8.33 ಕಿಲೋಹರ್ಟ್ಸ್ ಚಾನೆಲ್ ಅಂತರದ್ದೇ ಇರಲಿ, ಉಳಿದದ್ದು ಹಣವಿದ್ದಾಗ ಬದಲಾಯಿಸಬಹುದು.

ನಿಮ್ಮ ತೂಕದ ಪ್ರಶ್ನೆ ಬಹಳ ಮುಖ್ಯದ್ದು, ಕೇಳಿದ್ದು ಒಳ್ಳೆಯದಾಯಿತು. 58 ಕೆ.ಜಿ. ದೇಹ, 7 ಕೆ.ಜಿ. ಪ್ಯಾರಾಚೂಟ್, ಒಟ್ಟು 65. ಈ ಗ್ಲೈಡರ್‌ಗಳ ಕಾಕ್‌ಪಿಟ್‌ನಲ್ಲಿ ಕನಿಷ್ಠ ತೂಕ ಸಾಮಾನ್ಯವಾಗಿ 70 ಕೆ.ಜಿ. ಆಸುಪಾಸು ಎಂದು ಬರೆದಿರುತ್ತದೆ. ಅದಕ್ಕಿಂತ ಹಗುರವಾದವರು ಕೂತರೆ ಭಾರ ಹಿಂದಕ್ಕೆ ಸರಿದು ಮೂಗು ನಿಲ್ಲುವುದಿಲ್ಲ, ಗಿರಗಿರ ಸುತ್ತುತ್ತ ಬೀಳುವ ಸ್ಪಿನ್‌ಗೆ ಬಿದ್ದರೆ ಬಿಡಿಸಿಕೊಳ್ಳುವುದು ಕಷ್ಟ. ಬಾಲದ ಕಡೆ ರಿಪೇರಿ ಅಥವಾ ಬಣ್ಣ ಆಗಿದ್ದರೆ ಈ ಕನಿಷ್ಠ ಇನ್ನೂ ಮೇಲೇರಿರುತ್ತದೆ. ಕಾಕ್‌ಪಿಟ್‌ನಲ್ಲಿ ಅಂಟಿಸಿದ ಹಳೆಯ ಫಲಕವನ್ನು ನಂಬದೆ ಕೊನೆಯ ತೂಕದ ಹಾಳೆಯನ್ನೇ ಕೇಳಿ. ಸೀಸದ ಗಟ್ಟಿಗಳನ್ನು ಬಿಗಿಯುವ ಜಾಗ ಆ ಮಾದರಿಯಲ್ಲಿ ಎಲ್ಲಿದೆ, ಎಷ್ಟು ಹಾಕಬಹುದು ಎಂಬುದು ಕೈಪಿಡಿಯಲ್ಲಿರುತ್ತದೆ. ಸೀಟಿನ ಕೆಳಗೆ ಮರಳು ಚೀಲ ತುರುಕುವ ಉಪಾಯ ಮಾತ್ರ ಬೇಡ ಮಾರಾಯ್ರೆ, ಅದು ಜಾರಿ ಹಾರಾಟ ನಿಯಂತ್ರಿಸುವ ಸ್ಟಿಕ್‌ಗೆ ಅಡ್ಡ ಬಂದರೆ ಮುಗಿಯಿತು.

ಟ್ರೇಲರನ್ನು ಗ್ಲೈಡರ್‌ನಷ್ಟೇ ಗಂಭೀರವಾಗಿ ನೋಡಿ. ಒಳಗೆ ಹೋಗಿ ಬಾಗಿಲು ಮುಚ್ಚಿಸಿಕೊಳ್ಳಿ, ಬೆಳಕಿನ ಚುಕ್ಕೆ ಕಂಡಲ್ಲೆಲ್ಲ ನೀರೂ ಬರುತ್ತದೆ. ಟೈರ್ ಪಕ್ಕದ ನಾಲ್ಕಂಕಿ ಓದಿ: 1418 ಎಂದಿದ್ದರೆ 2018ರ 14ನೇ ವಾರದ್ದು. ಗೆರೆ ಎಷ್ಟೇ ಆಳವಿದ್ದರೂ ಹಳೆಯ ಟೈರ್ ಹೆದ್ದಾರಿಯಲ್ಲಿ ಒಡೆಯುತ್ತದೆ.

ಕೊಂಡ ಮೇಲಿನ ಆರೈಕೆ ದೊಡ್ಡ ವಿದ್ಯೆಯಲ್ಲ. ವರ್ಷಕ್ಕೆ ಒಂದು ಸಲ, ಸಾಧ್ಯವಾದರೆ ಎರಡು ಸಲ, ಗಟ್ಟಿ ಮೇಣವನ್ನು ಬಟ್ಟೆ ಚಕ್ರದ ಯಂತ್ರದಿಂದ ಹಚ್ಚಿ. ಸಿಲಿಕೋನ್ ಇರುವ ಕಾರ್ ಪಾಲಿಶ್ ತರಲೇಬೇಡಿ. ಮುಂದೆ ರಿಪೇರಿ ಬಂದಾಗ ಅದರ ಮೇಲೆ ಏನೂ ಅಂಟುವುದಿಲ್ಲ. ಒದ್ದೆಯಾದ ಗ್ಲೈಡರ್‌ಗೆ ಹೊದಿಕೆ ಹಾಕಿ ಮುಚ್ಚಬೇಡಿ, ಒರೆಸಿ ಒಣಗಿಸಿ. ರೆಕ್ಕೆಯ ನೀರು ಪೂರ್ತಿ ಖಾಲಿ ಮಾಡಿ ವಾಲ್ವ್ ತೆರೆದೇ ಇಡಿ. ಹಳೆಯ ಎಲ್‌ಎಸ್ 4, ಎಎಸ್‌ಡಬ್ಲ್ಯು 20ಗಳಲ್ಲಿ ನಿಯಂತ್ರಣದ ಕೋಲುಗಳನ್ನು ಪ್ರತಿ ಸಲ ಕೈಯಿಂದಲೇ ಜೋಡಿಸಬೇಕು. ಎಲ್‌ಎಸ್ 4-ಬಿಯಲ್ಲಿ ತಾವೇ ಕೂಡಿಕೊಳ್ಳುತ್ತವೆ. ಕೈಯಿಂದ ಕೂಡಿಸುವ ಲೊಟೆಲಿಯೆ ಗುಂಡಿನ ಕೀಲು ಕೂತ ಹಾಗೆ ಕಂಡರೂ ಕೂತಿರುವುದಿಲ್ಲ, ಸೇಫ್ಟಿ ಪಿನ್ ತೂತಿನೊಳಗೆ ಹೋದರೆ ಮಾತ್ರ ಕೂತಿದೆ ಎಂದು ಅರ್ಥ. ಇದನ್ನು ಮರೆತು ಹಾರಿ ಜೀವ ಕಳೆದುಕೊಂಡವರಿದ್ದಾರೆ. ಪಿನ್ ಹಾಕಿದ ಮೇಲೂ ಒಬ್ಬರು ಹೊರಗೆ ಏಲರಾನ್ ಗಟ್ಟಿಯಾಗಿ ಹಿಡಿದುಕೊಳ್ಳಬೇಕು, ನೀವು ಒಳಗೆ ಕೂತು ಸ್ಟಿಕ್ ಒತ್ತಬೇಕು. ಒಂದೊಂದೇ ಭಾಗ, ಪ್ರತಿ ಸಲ. ಆ ಹೊತ್ತಿಗೆ ಯಾರಾದರೂ ಮಾತಿಗೆ ಬಂದರೆ ‘ಆಮೇಲೆ’ ಅನ್ನಿ.

ಶಿವಮೊಗ್ಗಕ್ಕೆ ತರುವ ಆಸೆ: ನನ್ನ ಉತ್ತರ, ಬೇಡ. ಸೋಗಾನೆಯ ವಿಮಾನ ನಿಲ್ದಾಣ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದಾಗಿನಿಂದ ಆ 3.2 ಕಿ.ಮೀ. ರನ್‌ವೇ ನೋಡಿ ಹಲವರಿಗೆ ಇಂಥ ಆಸೆ ಹುಟ್ಟಿದೆ. ರನ್‌ವೇ ಇದ್ದರೆ ಸಾಲದು. ಎಳೆಯುವ ವಿಮಾನ ಅಥವಾ ನೆಲದಿಂದ ಹಗ್ಗ ಸುತ್ತಿ ಎಳೆಯುವ ವಿಂಚ್ ಬೇಕು, ಈ ಜಾತಿಯ ಯಂತ್ರಕ್ಕೆ ಸಹಿ ಹಾಕುವ ಎಂಜಿನಿಯರ್ ಬೇಕು, ಡಿಜಿಸಿಎ (ನಾಗರಿಕ ವಿಮಾನಯಾನ ನಿರ್ದೇಶನಾಲಯ) ಅನುಮತಿ, ವಿಟಿ (ಭಾರತದ ವಿಮಾನಗಳ ಗುರುತಕ್ಷರ) ನೋಂದಣಿ ಎಲ್ಲ ಹೊಸದಾಗಿ ಆಗಬೇಕು. ಮಂಗಳೂರು ಬಂದರಿಗೆ 40 ಅಡಿ ಕಂಟೈನರ್‌ನಲ್ಲಿ ಬಂದೀತು, ಆದರೆ ಆ ಲಾರಿ ಆಗುಂಬೆಯ 14 ಹಿಮ್ಮುರಿ ತಿರುವು ಹತ್ತುವುದಿಲ್ಲ. ಹೇಗೋ ತಂದಿರಿ ಅನ್ನೋಣ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಬಯಲು ಸೀಮೆ ಕಡೆ ಬಿಸಿಗಾಳಿ ಚೆನ್ನಾಗಿಯೇ ಏಳುತ್ತದೆ. ಪಶ್ಚಿಮಕ್ಕೆ ತಿರುಗಿದರೆ ಇಳಿಯಲು ಜಾಗವೆಲ್ಲಿ? ಕಾಡು, ಅಡಿಕೆ ತೋಟ, ಅಕೇಶಿಯಾ ನೆಡುತೋಪು, ಲಿಂಗನಮಕ್ಕಿಯ ಹಿನ್ನೀರು. ಗದ್ದೆ ಸಿಕ್ಕರೂ ಮಾರು ಮಾರಿಗೆ ಬದು. ಗಂಟೆಗೆ 80–90 ಕಿ.ಮೀ. ವೇಗದಲ್ಲಿ ಇಳಿಯುವ ಗ್ಲೈಡರ್‌ನ ಚಕ್ರ ಬದುವಿಗೆ ಬಡಿದರೆ ಮೇಲೆ ಹೇಳಿದ ಆ ಚೌಕಟ್ಟು ಪುಡಿ.

ಅಡಿಕೆ ಗೋದಾಮಂತೂ ಬೇಡವೇ ಬೇಡ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ, ನಿಮ್ಮಲ್ಲಿ ಅಷ್ಟಿಲ್ಲದಿದ್ದರೂ ಆಷಾಢದಲ್ಲಿ ಚರ್ಮದ ಚಪ್ಪಲಿಗೆ, ಪೆಟ್ಟಿಗೆಯೊಳಗಿನ ಬಟ್ಟೆಗೆ ಬೂಷ್ಟು ಹಿಡಿಯುವುದನ್ನು ನಾನು ಹೇಳಬೇಕೇ? ಅದೇ ತೇವ ಜೆಲ್‌ಕೋಟ್‌ನೊಳಗೆ ಇಳಿದು ಗುಳ್ಳೆ ಎಬ್ಬಿಸುತ್ತದೆ. ಇಲಿ ಸೀಟಿನ ಸ್ಪಂಜನ್ನೂ ತಂತಿಯ ಹೊದಿಕೆಯನ್ನೂ ಬಿಡುವುದಿಲ್ಲ. ಇವೆಲ್ಲಕ್ಕಿಂತ ಕಿರಿಕಿರಿ ಕುಂಬಾರ ಹುಳದ್ದು. ವೇಗ ಅಳೆಯುವ ಪಿಟೋ ಕೊಳವೆಯ ತೂತು ಅದಕ್ಕೆ ಹೇಳಿ ಮಾಡಿಸಿದ ಅಳತೆ. ಒಂದು ವಾರ ಮುಚ್ಚಳ ಹಾಕದೆ ಬಿಟ್ಟರೆ ಒಳಗೆ ಮಣ್ಣು ಮೆತ್ತಿ ಹುಳ ತುಂಬಿಸಿ ಬಾಯಿ ಮುಚ್ಚಿರುತ್ತದೆ. ಆಮೇಲೆ ಮೇಲೆ ಹೋದಾಗ ವೇಗದ ಮುಳ್ಳು ಕದಲುವುದಿಲ್ಲ.

ಅಲ್ಲಿಯೇ, ನಿಮ್ಮ ಕ್ಲಬ್ಬಿನ ಮೈದಾನದಲ್ಲಿ, ಒಣ ಟ್ರೇಲರ್‌ನಲ್ಲಿ ಇರಲಿ. ಆದರೆ ವರ್ಷದಲ್ಲಿ ಹತ್ತು ತಿಂಗಳು ಬಳಸದೆ ಇಟ್ಟರೆ ಮೇಲೆ ಹೇಳಿದ ಮಲಗಿದ ಗ್ಲೈಡರ್‌ನ ಗತಿಯೇ ಆದೀತು. ಅದಕ್ಕೇ ಅಲ್ಲಿನವರೊಬ್ಬರನ್ನು ಪಾಲುದಾರರಾಗಿ ಹುಡುಕಿ. ಯುರೋಪಿನಲ್ಲಿ ಇಬ್ಬರು ಮೂವರು ಸೇರಿ ಒಂದು ಗ್ಲೈಡರ್ ಇಟ್ಟುಕೊಳ್ಳುವುದು ಮಾಮೂಲು. ವಸಂತದಲ್ಲಿ ಅವರು ಹಾರಲಿ, ವಾರ್ಷಿಕ ತಪಾಸಣೆಯ ಹೊತ್ತಿಗೆ ಅವರು ಕೈ ಹಾಕಲಿ, ಜೂನ್–ಜುಲೈನಲ್ಲಿ ನೀವು ಹಾರಿ. (ಸರಿಯಾಗಿ ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ಹೊತ್ತಿಗೆ ತೋಟ ಬಿಟ್ಟು ಹೊರಡುತ್ತೀರಲ್ಲ, ಮನೆಯವರು ಏನನ್ನುತ್ತಾರೋ! ಅದು ನನ್ನ ವಿಷಯವಲ್ಲ.) ಒಪ್ಪಂದ ಬರವಣಿಗೆಯಲ್ಲಿರಲಿ: ವಿಮೆ ಕಂತು ಯಾರದು, ಒಬ್ಬರ ಕೈಯಲ್ಲಿ ಪೆಟ್ಟಾದರೆ ವಿಮೆ ಕೊಡದ ಮೊದಲ ಭಾಗದ ಹಣ ಯಾರು ಕಟ್ಟಬೇಕು, ಒಬ್ಬರು ಬಿಟ್ಟು ಹೋಗುವಾಗ ಬೆಲೆ ಯಾರು ಕಟ್ಟುತ್ತಾರೆ. ನೀವು ನೋಡಿದ ಆ ಎಎಸ್‌ಡಬ್ಲ್ಯು 20ರ ಮಾಲೀಕರಿಗೂ ಇವತ್ತೇ ಬರೆದು ತೂಕದ ಹಾಳೆ, ಬಣ್ಣ ತೆಗೆದಾಗಿನ ಫೋಟೋ ಕಳಿಸಲು ಹೇಳಿ. ಅವೆರಡು ಬಂದ ಮೇಲೆ ನೋಡಲು ಹೋಗುವ ದಿನ ಗೊತ್ತು ಮಾಡಿ.